ಅಣ್ಣ ಒಪ್ಪಿಕೊಂಡ ಕೇಸು

ಇಲ್ಲಿ ಬೇಸಗೆಯಲ್ಲಿ ತಣ್ಣೀರಿನ ನಳ್ಳಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಕೊಲ್ಲಿಯ ಈ ಬಂದರು ಊರಿಗೆ ಬಂದ ಮೊದಲ ದಿನ ನಾನು ಹೆದರಿ ಕೈ ಹಿಂದೆಗೆದುಕೊಂಡಾಗ ಅಣ್ಣ ನಕ್ಕಿದ್ದ. ಬಕೆಟಿನಲ್ಲಿ ಹಿಡಿದು ಆರಲು ಇಡಬೇಕೆಂದು ಕಲಿಸಿದವನು ಅವನೇ. ಕುಚ್ಚಲಕ್ಕಿ ಸಿಗುತ್ತಿರಲಿಲ್ಲ; ಖುಬ್ಸ್ ಎಂಬ ಅಗಲ ರೊಟ್ಟಿಯನ್ನು ಮೀನಿನ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದೆವು. ಕೋಣೆ ತುಂಬ ತುಳು ಮಾತು ಇದ್ದುದರಿಂದ ನಾನು ಉಳಿದೆ.

ಅಣ್ಣನ ಕಫೀಲ್, ಎಂದರೆ ಅವನನ್ನು ಕರೆಸಿಕೊಂಡ ಧಣಿ, ಅಂಗಡಿ ಮುಚ್ಚಿದ. ವೀಸಾದ ಅವಧಿ ಮುಗಿದು ಪೊಲೀಸರು ಹಿಡಿದರು. ಹೊಸ ಧಣಿಗಾಗಿ ಕಾಯುತ್ತಿದ್ದೇನೆ ಎಂದು ಅವನು ವಾದಿಸಬಹುದಿತ್ತು. ಆದರೆ ನಮ್ಮ ಕಡೆ ಕೋಳಿ ಅಂಕದ ಜೂಜಿನಲ್ಲಿ ಸಿಕ್ಕಿಬಿದ್ದವರು ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಕೋರ್ಟಿನಲ್ಲಿ ಸಾಲಾಗಿ ನಿಂತು, ‘ಹೌದು ಸ್ವಾಮಿ’ ಎಂದು, ದಂಡ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಮನೆ ಸೇರುತ್ತಾರೆ. ಸುಮ್ಮನೆ ನೋಡಲು ಹೋದವನೂ ಅಲೆದಾಟ ತಪ್ಪಲಿ ಎಂದು ಒಪ್ಪಿಕೊಳ್ಳುವುದುಂಟು. ಅಣ್ಣನೂ ಹಾಗೆಯೇ ಒಪ್ಪಿಕೊಂಡು, ದಂಡ ಕಟ್ಟಿ ಹೊರಬಂದ.

“ಮುಗಿಯಿತು ಮಾರಾಯ, ಬೆಳ್ತಂಗಡಿ ಕೋರ್ಟಿನ ಹಾಗೆಯೇ. ಕೋಳಿ ಒಂದು ಇರಲಿಲ್ಲ ಅಷ್ಟೆ” ಎಂದ.

ಹೊಸ ಧಣಿ ಸಿಗಲಿಲ್ಲ. ಯಾರದೋ ಹೋಟೆಲಿನಲ್ಲಿ ದುಡಿಯುವಾಗ ಮತ್ತೆ ಸಿಕ್ಕಿಬಿದ್ದ. ಅವನಿಗೂ ಜೊತೆಗಿದ್ದ ಮೂಡುಬಿದಿರೆಯವನಿಗೂ ಜೈಲಾಯಿತು. ಇಬ್ಬರೂ ಇಸ್ತಿನಾಫ್ ಹಾಕಿದರು. ಇಲ್ಲಿ ಮೇಲ್ಮನವಿಗೆ ಹಾಗೆನ್ನುತ್ತಾರೆ. ಮೂಡುಬಿದಿರೆಯವನದು ಮೊದಲ ತಪ್ಪು. ಅವನ ಜೈಲು ರದ್ದು ಮಾಡಿ ಊರಿಗೆ ಕಳುಹಿಸಿದರು. ಅಣ್ಣನಿಗೆ ಬೇಕಾಗಿದ್ದುದೂ ಅಷ್ಟೇ. ಅವನು ಹೊರಟು ಬಂದ ಮೇಲೆ ಊರಲ್ಲಿ, ಲಾಯಿಲದ ನಮ್ಮ ಮನೆಯಲ್ಲಿ ಹುಟ್ಟಿದ ಮಗಳನ್ನು ಅವನಿನ್ನೂ ನೋಡಿರಲಿಲ್ಲ.

ಅಣ್ಣನ ಸರದಿ ಬಂದಾಗ ಕೋರ್ಟಿನ ದುಭಾಷಿ ತಗ್ಗಿದ ದನಿಯಲ್ಲಿ ತಿಳಿಸಿದ: ಹಿಂದೆ ಒಮ್ಮೆ ಶಿಕ್ಷೆಯಾಗಿದೆ, ತಪ್ಪು ಇವನೇ ಒಪ್ಪಿದ್ದಾನೆ, ಆದ್ದರಿಂದ ರಿಯಾಯಿತಿ ಇಲ್ಲ.

ಅಣ್ಣ ನನ್ನ ಕಡೆ ತಿರುಗಿದ. “ಅದಕ್ಕೆ ಆಗಲೇ ದಂಡ ಕಟ್ಟಿದ್ದೇನಲ್ಲ?”

ಆ ಬೇಸಗೆ ದಾಟುವ ಮೊದಲೇ ಅವನು ಜೈಲಿನಲ್ಲಿ ಜ್ವರದಿಂದ ತೀರಿಕೊಂಡ. ಹೆಣವನ್ನು ಊರಿಗೆ ಕಳುಹಿಸಲು ನಮ್ಮಿಂದ ಆಗಲಿಲ್ಲ. ಅಪ್ಪನನ್ನು ಗದ್ದೆಯ ಬದಿಯಲ್ಲಿ ಸುಟ್ಟವರು ನಾವು. ಅಣ್ಣನನ್ನು ಇಲ್ಲೇ ಊರಾಚೆಯ ಮರಳಿನಲ್ಲಿ ಹೂಳಿದೆವು.

ಕಳೆದ ರಜೆಯಲ್ಲಿ ಲಾಯಿಲಕ್ಕೆ ಹೋದೆ. ಇನ್ನು ತಿರುಗಿ ಹೋಗುವುದಿಲ್ಲ ಎಂದು ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದೆ. ಬಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ನೀವು ಇಲ್ಲಿ ಕೂತರೆ ಅಲ್ಲಿ ಅವರ ಹತ್ತಿರ ಯಾರುಂಟು?”

ರಜೆ ಮುಗಿದ ಮರುದಿನವೇ ಪೆಟ್ಟಿಗೆ ಹಿಡಿದು, ಕೊಲ್ಲಿಯ ವಿಮಾನಕ್ಕೆಂದು ಮಂಗಳೂರಿನ ಬಸ್ಸು ಹತ್ತಿದೆ. ಬಂಟ್ವಾಳದಲ್ಲಿ ಹತ್ತಿದ ಮುದುಕರೊಬ್ಬರು ಪಕ್ಕದಲ್ಲಿ ಕೂತು, ಪೆಟ್ಟಿಗೆ ನೋಡಿ, “ಊರಿಗಾ?” ಎಂದು ಕೇಳಿದರು.

ಹೌದು ಎಂದೆ.