ನಿಂತು ತಿನ್ನುವ ಹೋಟೆಲು

೧೯೮೬ರಲ್ಲಿ ನನ್ನ ಓದು ನಿಂತಿತು. ಅಂದಿನಿಂದ ನಾನೂ ನಿಂತೇ ಇದ್ದೇನೆ. ಏಳನೆಯ ತರಗತಿಯ ಮರದ ಬೆಂಚೇ ನಾನು ಹಕ್ಕಿನಿಂದ ಕೂತ ಕಡೆಯ ಆಸನ. ಬೆಂಗಳೂರಿನ ದರ್ಶಿನಿಗಳಲ್ಲಿ ಲೋಟ ತೊಳೆದದ್ದು, ಹಿಟ್ಟು ರುಬ್ಬಿದ್ದು, ದೋಸೆ ಹುಯ್ದದ್ದು, ಅಡುಗೆಯವನಾಗಿ ಈ ಇಂಗ್ಲೆಂಡಿಗೆ ಬಂದು ಇನ್ನೊಬ್ಬರ ಒಲೆಯ ಮುಂದೆ ಬೆವರಿದ್ದು, ಎಲ್ಲವೂ ನಿಂತೇ. ಆದ್ದರಿಂದ, ಗೆಳೆಯರೇ, ಸ್ಟಾಕ್‌ಪೋರ್ಟಿನ ಹಳೇ ಪೇಟೆಯಲ್ಲಿ ನನ್ನದೇ ಹೋಟೆಲು ತೆರೆದಾಗ ಅದರಲ್ಲಿ ಕುರ್ಚಿಯೇ ಇರಲಿಲ್ಲವೆಂದರೆ ನೀವು ಆಶ್ಚರ್ಯಪಡಬಾರದು.

ಆ ಪೇಟೆಯದೂ ನನ್ನದೇ ಜಾತಕ. ಮೇಲೆ ಮಾರುಕಟ್ಟೆ, ಕೆಳಗೆ ಕಲ್ಲುಹಾಸಿನ ಓಣಿ, ನಡುವೆ ತಲೆಮಾರುಗಳ ಪಾದ ಸವೆಸಿದ ಮೆಟ್ಟಿಲು, ಒಂದರ ಹೆಗಲಿಗೊಂದು ಒರಗಿ ನಿಂತ ಕಟ್ಟಡಗಳು. ಬಹುಕಾಲ ಮುಚ್ಚಿದ್ದ ಅಂಗಡಿಗಳಲ್ಲಿ ಈಗ ಕಾಫಿ, ಬ್ರೆಡ್ಡು, ಪಿಜ್ಜಾ. ಶನಿವಾರ ಮ್ಯಾಂಚೆಸ್ಟರಿನಿಂದ ರೈಲು ಹಿಡಿದು ಜನ ತಿನ್ನಲೆಂದೇ ಬರುತ್ತಾರೆ. ಹಳೆಯ ಊರಿನ ಗೋಡೆಯನ್ನು ಗಾರೆ ಹಿಡಿದಿಟ್ಟೀತು, ಬಾಗಿಲು ತೆರೆಸುವುದು ಮಾತ್ರ ಹಸಿವೇ ಎಂಬುದು ನನ್ನ ಸಿದ್ಧಾಂತ.

ಆದರೆ ನನ್ನ ಬಾಗಿಲಿಗೆ ಬಂದವರು ಎತ್ತರದ ಮೇಜುಗಳನ್ನು ಕಂಡು ನಸುನಕ್ಕು ಮುಂದೆ ಹೋಗುತ್ತಿದ್ದರು. ಇಂಗ್ಲಿಷರು ಬಿಯರನ್ನು ಗಂಟೆಗಟ್ಟಲೆ ನಿಂತು ಕುಡಿದಾರು. ತಟ್ಟೆ ಕಂಡರೆ ಅವರ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ. ಹೋಗಲಿ, ನಮ್ಮವರು? ಹತ್ತಿರದ ಡಿಡ್ಸ್‌ಬರಿಯ ಡಾಕ್ಟರೊಬ್ಬರು ಸಂಸಾರ ಸಮೇತ ಬಂದು ಮುಖ ಸಿಂಡರಿಸಿದಾಗ, ಬೆಂಗಳೂರಲ್ಲಿ ನಿಂತೇ ತಿಂತಿದ್ರಲ್ಲ ಸಾರ್ ಎಂದೆ.

"ಅಲ್ಲಿ ತಿಂಡಿಗೆ ಹೋಗ್ತಿದ್ವಿ. ಇಲ್ಲಿ ಹೋಟ್ಲಿಗೆ ಬಂದಿದೀವಿ ಕಣ್ರೀ" ಎಂದವರೇ ವಯಸ್ಸಾದ ತಾಯಿಯ ಕೈಹಿಡಿದು ಹೊರಟರು.

ಬಾಡಿಗೆ ಕರಾರು ಒಂದೇ ವರ್ಷದ್ದು. ಹೀಗೇ ಆದರೆ ಬೇಸಿಗೆಯೊಳಗೆ ಬೀಗ ಬೀಳುವುದು ನನಗೂ ಗೊತ್ತಿತ್ತು. ಆದರೂ ಕುರ್ಚಿ ಹಾಕಿದರೆ ಅದು ದರ್ಶಿನಿಯಲ್ಲವೆಂದು ಪಟ್ಟು ಹಿಡಿದೆ.

ತಪ್ಪದೆ ಬರುತ್ತಿದ್ದವರು ಊರುಗೋಲಿನ ಒಬ್ಬ ಬಿಳಿಯ ಅಜ್ಜ. ಮಸಾಲೆದೋಸೆ ಕಟ್ಟಿಸಿಕೊಂಡು, ಹೊರಗಿನ ಕಲ್ಲುಮೆಟ್ಟಿಲ ಮೇಲೆ ಚಳಿಯಲ್ಲೇ ಕೂತು ತಿನ್ನುತ್ತಿದ್ದರು. ಇವರಿಗೆ ಬಯಲಿನ ಷೋಕಿ ಎಂದುಕೊಂಡಿದ್ದೆ. ಒಂದು ದಿನ ನನ್ನ ಹೆಂಡತಿ ಸರೋಜ ಕಿಟಕಿಯಿಂದ ಅವರನ್ನೇ ನೋಡುತ್ತ, "ನಿಮ್ಮ ಕಾಲು ನೋಯಲ್ಲ ಅಂತ ಊರೋರ ಕಾಲೂ ನೋಯ್ಬಾರ್ದೇನ್ರೀ?" ಎಂದಳು. ಮರುದಿನ ಮನೆಯ ಊಟದ ಮೇಜಿನ ನಾಲ್ಕು ಕುರ್ಚಿಗಳಲ್ಲಿ ಒಂದನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದು ಕಿಟಕಿಯ ಬಳಿ ಹಾಕಿದಳು. ನಾನು ಕಾವಲಿಯತ್ತ ತಿರುಗಿ ದೋಸೆ ಮಗುಚಿದೆ. ಅಜ್ಜ ಒಳಗೆ ಕೂತು ತಿಂದರು. ಮೊದಲ ಸಲ ಇನ್ನೊಂದು ದೋಸೆ ಕೇಳಿದರು.

ಕುರ್ಚಿ ಬಂದ ಸುದ್ದಿ ಕೇಳಿ ಡಾಕ್ಟರೂ ಮತ್ತೆ ಬಂದರು. ತಾಯಿ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು, "ನೀನು ನಿಂತ್ಕೊಳೋ, ವಾರ್ಡಲ್ಲಿ ನಿಂತು ಅಭ್ಯಾಸ ಇದ್ಯಲ್ಲ" ಎಂದರು. ಮಗ, ಸೊಸೆ, ಮೊಮ್ಮಗಳು ಅವರನ್ನು ಸುತ್ತುವರಿದು, ಅವರ ತಟ್ಟೆಗೂ ಕೈಹಾಕುತ್ತ ತಿಂದರು. ಹೋಟೆಲೋ ದರ್ಶಿನಿಯೋ ಎಂದು ಇಷ್ಟು ದಿನ ವಾದಿಸುತ್ತಿದ್ದವನಿಗೆ ಅಲ್ಲಿ ಕಂಡದ್ದು ಯಾರದೋ ಅಡುಗೆಮನೆ. ಆ ನೋಟವನ್ನು ಕಿಟಕಿಯಿಂದ ಕಂಡವರೂ ಒಳಬಂದರು. ಈಗ ಶನಿವಾರ ಓಣಿಯವರೆಗೂ ಸಾಲು. ಬೇರೆ ಬೇರೆ ಊರಿನ ಮೊಣಕಾಲುಗಳು ಆ ಕುರ್ಚಿಯನ್ನು ಒಂದಕ್ಕೊಂದು ಬಿಟ್ಟುಕೊಡುತ್ತವೆ. ಬಾಡಿಗೆ ಕರಾರೂ ಮುಂದುವರಿಯಿತು.

ಈಗ ನನ್ನದೆನ್ನಲು ಒಂದು ಹೋಟೆಲು, ಎರಡು ಕಾವಲಿ, ಐದು ಎತ್ತರದ ಮೇಜು, ಕಿಟಕಿಯ ಬಳಿ ಒಂದು ಕುರ್ಚಿ. ಮನೆಯಲ್ಲಿ ಉಣ್ಣುವವರು ನಾಲ್ವರು, ಕುರ್ಚಿ ಮೂರು. ನಾನು ನಿಂತೇ ಉಣ್ಣುತ್ತೇನೆ.