ತುಂಬಿದ ಟ್ರ್ಯಾಕ್ಟರಿನ ಅಳತೆ

ಬೆಳಿಗ್ಗೆ ಕಾಫಿಗೆ ಮೊದಲು ಭೀಮರಾಜು ಬೆರಳುದ್ದದ ಎರಡು ಗಾಜಿನ ಎಳೆಗಳನ್ನು ಜೋಡಿಸಿ ನೋಡುತ್ತಾನೆ. ಕೆಲಸದಲ್ಲಿ ಉಳಿದ ಫೈಬರ್ ತುಂಡುಗಳು ಅವು. ಎಳೆ ಬೆಸೆಯುವ ಮಷೀನಿನ ಪುಟ್ಟ ಪರದೆಯಲ್ಲಿ ಎರಡೂ ತುದಿ ಒಂದಾದದ್ದು ಕಂಡ ಮೇಲೆಯೇ ಲೋಟ ಹಿಡಿಯುವುದು. ಹಬ್ಬದ ದಿನವೂ ತಪ್ಪಿಸುವುದಿಲ್ಲ. ಏಕೆಂದು ಕೇಳಿದೆ.

"ಮಷೀನು ಮುನಿಸ್ಕಂಡಿದ್ರೆ ಮನೇಲೇ ಗೊತ್ತಾಗ್ಲಿ ಅಂತ ಕಣಕ್ಕ. ಕಂಬದ್ ಮ್ಯಾಲೆ ಗೊತ್ತಾದ್ರೆ ಕಷ್ಟ."

ನಾನು ದೇವರ ಮುಂದೆ ದೀಪ ಹಚ್ಚುವಾಗ ಇಷ್ಟು ಗಮನ ಇರುತ್ತದೆಯೇ ಎಂದು ಯೋಚನೆಯಾಯಿತು.

ಅವನು ಹುಲಿಕುಂಟೆ ಹೋಬಳಿಯ ನಮ್ಮೂರಿನವನೇ. ಹಿಂದೆ ಲೈಟುಕಂಬಕ್ಕೆ ಗುಂಡಿ ತೋಡುತ್ತಿದ್ದ. ಪಕ್ಕದಲ್ಲಿ ಫೈಬರ್ ಜೋಡಿಸುವವರನ್ನು ನೋಡಿ ನೋಡಿ ಆ ಕೆಲಸ ಕಲಿತ. ಈಗ ಶಿರಾದ ಪ್ರಸನ್ನಕುಮಾರ್ ಅವರ ಇಂಟರ್ನೆಟ್ ಕಂಪನಿಯಲ್ಲಿ ಲೈನ್‌ಮನ್. ಊರೊಳಗಿನ ಮನೆಗಳಿಗೆಲ್ಲ ಫೈಬರ್ ಹಾಕಿದವನು ಅವನೇ. ಹೊಲ ದಾಟಿದರೆ ಸಿಗುವ ಕಾಲೋನಿಗೆ ಮಾತ್ರ ಅದು ಮುಟ್ಟಿರಲಿಲ್ಲ. ಅಲ್ಲಿನ ಮೂವತ್ತು ಮನೆಗಳಲ್ಲಿ ಅವನದೂ ಒಂದು. ಮಗಳು ಶರಣ್ಯಾ ಪಿಯುಸಿ ಪಾಠದ ವಿಡಿಯೊ ನೋಡಬೇಕೆಂದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು. ಪಕ್ಕದ ಮನೆಯ ದಾಸಮ್ಮನಿಗೆ ಗಂಡನ ಊರಾದ ರಾಯಚರ್ಲಿನಿಂದ ಮಗಳು ವಿಡಿಯೊ ಕಾಲ್ ಮಾಡುತ್ತಾಳೆ.

"ಮೊಕ ಅರ್ದಕ್ಕೇ ನಿಂತೋಯ್ತದೆ, ಬಾಯ್ ತಕ್ಕಂಡಂಗೇ," ಎನ್ನುತ್ತಾಳೆ ದಾಸಮ್ಮ.

ಗೌರಿ ಹಬ್ಬ ಕಳೆದ ಮೇಲೆ ಭೀಮರಾಜು ಕಾಲೋನಿಯ ದಾರಿಗೆ ಕಂಬ ನೆಟ್ಟು ಕೇಬಲ್ ಎಳೆದ. ಮನೆಗಳಿಗೆ ಎಳೆ ಹಂಚುವ ಬಾಕ್ಸ್ ಕೂರಿಸುವುದೊಂದು ಬಾಕಿ. ಅಷ್ಟರಲ್ಲಿ ಕಡಲೆಕಾಯಿ ಕೀಳುವ ಕಾಲ ಬಂತು. ಹದಿನೈದು ದಿನದಲ್ಲಿ ಕೇಬಲ್ ಮೂರು ಸಲ ಹರಿಯಿತು. ಮೊದಲೆರಡು ಸಲ ಕೋತಿ ಕಾಟವೆಂದುಕೊಂಡ. ಇನ್ನೊಂದು ಸಲ ಹರಿದರೆ ಕಾಲೋನಿ ಲೈನನ್ನೇ ಕೈಬಿಡುವುದಾಗಿ ಪ್ರಸನ್ನಕುಮಾರ್ ಹೇಳಿಬಿಟ್ಟರು.

ಮೂರನೆಯ ಸಲ ಕಂಬ ಹತ್ತಿದಾಗ ಹರಿದ ತುದಿಯಲ್ಲಿ ಕಡಲೆಕಾಯಿಯ ಒಣ ಬಳ್ಳಿ ಸಿಕ್ಕಿಕೊಂಡಿತ್ತು. ಭೀಮರಾಜು ಅಲ್ಲೇ ಹಣೆ ಚಚ್ಚಿಕೊಂಡ. ಕಂಬ ನೆಡುವಾಗ ಅವನು ಅಳೆದದ್ದು ಆ ದಾರಿಯ ಹೊಲದೊಡೆಯ ನಂದೀಶ್ವರಯ್ಯನವರ ಖಾಲಿ ಟ್ರ್ಯಾಕ್ಟರಿನ ಎತ್ತರ. ಬಳ್ಳಿ ಹೇರಿದ ಟ್ರೈಲರ್ ಮನೆಯಷ್ಟೆತ್ತರ ಇರುವುದನ್ನು ಹುಟ್ಟಿದಾಗಿನಿಂದ ನೋಡಿದ್ದರೂ ಹೊಳೆದಿರಲಿಲ್ಲ.

ಸಂಜೆ ನಂದೀಶ್ವರಯ್ಯನವರ ಕಣಕ್ಕೆ ಹೋದ.

"ಯಜಮಾನ್ರೇ, ನಾಳೆ ಎಷ್ಟು ಹೇರಾಕಾಯ್ತದೋ ಅಷ್ಟೂ ಹೇರಿ ನಿಲ್ಸಿ. ಅಳ್ಕಾಬೇಕು."

"ಕಮ್ಮಿ ಹೇರಿ ಅನ್ನಾಕೆ ಬಂದೆ ಅಂದ್ಕಂಡೆ ಕಣ್ಲಾ."

"ನಿಮ್ಗೆ ಅಂಗ್ ಹೇಳಿ ಗೆದ್ದೋರು ಯಾರವ್ರೆ?"

ಯಜಮಾನರು ನಕ್ಕರು. ಮರುದಿನ ಆಳುಗಳಿಗೆ, "ಇನ್ನೊಂದ್ ಹೊರೆ ಹಾಕ್ರೋ, ಆಮ್ಯಾಕೆ ನನ್ ಮ್ಯಾಲೆ ಹೇಳ್ಬಾರ್ದು ಇವ್ನು," ಎಂದು ಬೇಕೆಂತಲೇ ಮೇಲೆ ಮೇಲೆ ಹೇರಿಸಿದರು. ಭೀಮರಾಜು ಬಳ್ಳಿಯ ಮೇಲೆ ಹತ್ತಿ ನಿಂತು, ತಲೆಯ ಮೇಲೆ ಕೋಲೆತ್ತಿ ಅಳತೆ ತೆಗೆದ. ದಾರಿ ದಾಟುವಲ್ಲಿನ ನಾಲ್ಕು ಕಂಬಗಳಿಗೆ ಕಬ್ಬಿಣದ ಪೈಪು ಬಿಗಿದು ಕೇಬಲ್ ಮೇಲಕ್ಕೇರಿಸಿದ.

ಭಾನುವಾರ ಪ್ರಸನ್ನಕುಮಾರ್ ತಾವೇ ನೋಡಲು ಬಂದರು. ತುಂಬಿದ ಟ್ರೈಲರ್ ಓಲಾಡುತ್ತ ಕೇಬಲ್ಲಿನ ಕೆಳಗೆ ಬಂತು. ಬಳ್ಳಿಯ ಮೇಲೆ ಕೂತಿದ್ದ ನಂದೀಶ್ವರಯ್ಯ ಕೈ ಎತ್ತಿದರು. ಕೇಬಲ್ ಸಿಗಲಿಲ್ಲ. ಟ್ರ್ಯಾಕ್ಟರ್ ದಾಟಿ ಹೋಯಿತು.

"ಆಯ್ತು ಭೀಮಣ್ಣ, ಲೈನ್ ಇರ್ಲಿ," ಎಂದರು ಪ್ರಸನ್ನಕುಮಾರ್. "ಬಾಕ್ಸ್ ಬರಾಕೆ ಇನ್ನೊಂದ್ ತಿಂಗ್ಳಾಗ್ಬೋದು. ಅಲ್ಲೀಗಂಟ ನಿಮ್ಮನೆಗೊಂದು ನೇರ ಎಳ್ಕೊ, ಇವತ್ತೇ. ದುಡ್ಡೇನೂ ಬೇಡ. ಮಗಳು ಓದ್ಕೊಳ್ಳಲಿ."

ಶರಣ್ಯಾ ಅಲ್ಲೇ ನಿಂತಿದ್ದಳು. ಭೀಮರಾಜು ಅವಳತ್ತ ಒಮ್ಮೆ ನೋಡಿದ.

"ಬ್ಯಾಡ ಸಾರ್," ಎಂದ. "ನಮ್ಮನೇಗ್ ಬಂದ್ಬುಟ್ರೆ ನಾನೂ ಕೇಳಾದ್ ನಿಲ್ಸ್‌ಬುಡ್ತೀನಿ, ನೀವೂ ಬಾಕ್ಸ್ ಮರ್ತ್‌ಬುಡ್ತೀರ. ಬಾಕ್ಸೇ ತರ್ಸಿ. ಎಲ್ಲಾರ್ ಜೊತೇಲೇ ನಮ್ಮನೇಗೂ ಹಾಕ್ಕಂತೀನಿ."