ನಾನು ಮುದ್ದೆ ಕಲಿಸಿದ್ದು

ಅಡುಗೆಯ ವಿಷಯದಲ್ಲಿ ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ: ಅರವತ್ತೆಂಟು ವರ್ಷಗಳಿಂದ ತಪ್ಪದೆ ಉಣ್ಣುತ್ತಾ ಬಂದಿದ್ದೇನೆ.

ಹೋದ ಬೇಸಿಗೆ ರಜೆಯಲ್ಲಿ ನನ್ನ ಹೆಂಡತಿ, ತಂಗಿಗೆ ಮಂಡಿ ಆಪರೇಷನ್ ಆಯಿತೆಂದು ಕೆಂಗೇರಿಗೆ ಹೋದಳು. ಮಗ, ಸೊಸೆ ಬೆಳಿಗ್ಗೆ ಮೆಟ್ರೋ ಹತ್ತಿದರೆ ಮತ್ತೆ ಕಾಣುವುದು ಸಂಜೆಗೇ. ವಿಜಯನಗರದ ಮನೆಯಲ್ಲಿ ಹಗಲಿಗೆ ಉಳಿದವರು ನಾನು ಮತ್ತು ಹತ್ತು ವರ್ಷದ ಮೊಮ್ಮಗಳು. ಮಗು ಮೂರು ದಿನ ಸೋಫಾ ಬಿಟ್ಟೇಳದೆ ಮೊಬೈಲ್ ನೋಡಿದ್ದನ್ನು ಕಂಡು ನನಗೆ ದೇಶದ ಭವಿಷ್ಯದ ಬಗ್ಗೆಯೇ ಕಳವಳವಾಯಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಸ್ವಾವಲಂಬನ ಶಿಬಿರ’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಫ್ರಿಜ್ಜಿಗೆ ಅಂಟಿಸಿದೆ. ಸರ್ಕಾರಿ ಕಚೇರಿಯಲ್ಲಿ ಸವೆದವನು ನಾನು. ಸಹಿಯಿಲ್ಲದ ಕಾಗದಕ್ಕೆ ಬೆಲೆ ಕೊಟ್ಟವನಲ್ಲ.

ಮೊದಲ ದಿನ ಅಂಗಿಗೆ ಗುಂಡಿ ಹೊಲಿಯುವುದು. ಎರಡನೆಯ ದಿನ ಮೋಟರ್ ಹಾಕಿ, ಮೇಲಿನ ಟ್ಯಾಂಕ್ ತುಂಬಿ ಬೀದಿಗೆ ಹರಿಯುವ ಮೊದಲೇ ಆರಿಸುವುದು. ಎರಡನ್ನೂ ನಾನು ಕುರ್ಚಿಯಲ್ಲಿ ಕುಳಿತೇ ಕಲಿಸಿದೆ, ಅವಳು ಕಲಿತಳು. ಈ ಯಶಸ್ಸು ತಲೆಗೇರಿತು. ಮೂರನೆಯ ದಿನಕ್ಕೆ ರಾಗಿ ಮುದ್ದೆ ಎಂದು ಬರೆದೆ. ಸೊಸೆ ಹುರುಳಿಕಾಳಿನ ಸಾರು ಮಾಡಿಟ್ಟು ಹೋಗಿದ್ದಳು, ಅನ್ನವೂ ಇತ್ತು. ಮುದ್ದೆಯ ಅಗತ್ಯವೇ ಇರಲಿಲ್ಲ.

“ನಿಂಗೆ ಮಾಡೋಕ್ ಬರುತ್ತಾ ತಾತ?” ಎಂದಳು.

“ನಿಮ್ಮಜ್ಜಿಗೆ ಹೇಳ್ಕೊಟ್ಟಿದ್ದು ಯಾರು ಅಂದ್ಕೊಂಡಿದೀಯಾ?” ಎಂದೆ.

ನಿಜ ಹೇಳಬೇಕೆಂದರೆ ಮುದ್ದೆ ನನಗೆ ಕಿವಿಯಿಂದ ಗೊತ್ತಿತ್ತು. ಎಸರು ಮರಳಬೇಕು, ಹಿಟ್ಟು ಸುರಿದ ಮೇಲೆ ತಕ್ಷಣ ಕಲಕಬಾರದು, ಬೆಂದ ಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಬೇಕು: ಹಾಲ್‌ನಲ್ಲಿ ಪೇಪರ್ ಓದುವವನ ಕಿವಿಗೆ ನಲವತ್ತು ವರ್ಷದಲ್ಲಿ ಇಷ್ಟು ಬಿದ್ದಿತ್ತು. ಅದನ್ನೇ ಸ್ವಂತ ಅನುಭವವೆಂಬಂತೆ ಒಪ್ಪಿಸಿದೆ. ಪಾತ್ರೆ ಇಳಿಸಿ, ಗಟ್ಟಿಯಾಗಿ ಹಿಡಿದು ತಿರುವಿದವನು ಮಾತ್ರ ನಾನೇ. ಅಷ್ಟು ಬುದ್ಧಿ ಇತ್ತು. ಹಿಟ್ಟನ್ನು ತಟ್ಟೆಗೆ ಕವುಚಿ, “ಈಗ ಉಂಡೆ ಕಟ್ಟು, ಬಿಸಿ ಇದ್ದಾಗಲೇ ಕಟ್ಟಬೇಕು” ಎಂದು ಆಜ್ಞಾಪಿಸಿದೆ.

ಮುದ್ದೆ ಕಟ್ಟುವಾಗ ಹೆಂಡತಿಯ ಪಕ್ಕದಲ್ಲಿ ಯಾವಾಗಲೂ ಒಂದು ಬಟ್ಟಲು ತಣ್ಣೀರು ಇರುತ್ತಿತ್ತು. ಅದು ಕೊನೆಯಲ್ಲಿ ಕೈ ತೊಳೆಯಲು ಎಂದೇ ನಾನು ತಿಳಿದಿದ್ದೆ. ಕಟ್ಟುವ ಮೊದಲು ಅಂಗೈಯನ್ನು ಅದರಲ್ಲಿ ಅದ್ದಬೇಕು, ಇಲ್ಲದಿದ್ದರೆ ಸುಡುವ ಹಿಟ್ಟು ಕೈಗೆ ಅಂಟಿ ಬಿಡುವುದೇ ಇಲ್ಲ ಎಂಬುದು, ಆ ಮಗು ಕೂಗಿ ಕೈ ಕೊಡವಿದರೂ ಹಿಟ್ಟು ಬೀಳದೆ ಇದ್ದಾಗ ನನಗೆ ಗೊತ್ತಾಯಿತು.

ನಲ್ಲಿಯ ಕೆಳಗೆ ಕೈ ಹಿಡಿಸಿ, ಆಟೋ ಮಾಡಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. “ಏನ್ ಸಾರ್, ಏನಾಯ್ತು?” ಎಂದರು ಡಾಕ್ಟರು.

“ಆಟ ಆಡ್ತಾ ಬಿಸಿ ಪಾತ್ರೆ ಮುಟ್ಬಿಟ್ಲು ಡಾಕ್ಟ್ರೇ.”

ಅಷ್ಟು ಸಲೀಸಾಗಿ ಬಂತು ಸುಳ್ಳು. ಮುಲಾಮು ಹಚ್ಚಿ, ಸಣ್ಣ ಗಾಯ, ವಾಸಿಯಾಗುತ್ತೆ ಎಂದರು.

ಸಂಜೆ ಸೊಸೆ ಬಂದಳು, ಬ್ಯಾಂಡೇಜು ನೋಡಿದಳು. ಹೇಗೆ ಹೇಳಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಗುವೇ ಬಾಯಿಬಿಟ್ಟಿತು: “ನಾನೇ ಪಾತ್ರೆ ಮುಟ್ಟಿದ್ದು ಅಮ್ಮ. ತಾತ ಬೇಡ ಅಂದ್ರು, ನಾನೇ ಕೇಳ್ಲಿಲ್ಲ.”

ಎರಡನೆಯ ವಾಕ್ಯ ಅವಳ ಸ್ವಂತ ಕೊಡುಗೆ. ನಾನು ಹೇಳಿಕೊಟ್ಟಿರಲಿಲ್ಲ.

“ದೊಡ್ಡೋರು ಹೇಳಿದ್ ಮಾತು ಕೇಳಿದ್ರೆ ತಾನೇ! ಇನ್ಮೇಲೆ ಸ್ಟವ್ ಹತ್ರ ಕಂಡ್ರೆ ಇನ್ನೊಂದ್ ಕೈಗೂ ಬೀಳುತ್ತೆ ನೋಡ್ತಿರು,” ಎಂದು ಸೊಸೆ ಬೈದಳು. ಬೈಯುತ್ತಲೇ ಅನ್ನ ಕಲಸಿ ತುತ್ತು ಕೊಟ್ಟಳು. ನಾನು ಪೇಪರ್ ಅಗಲವಾಗಿ ಬಿಡಿಸಿದೆ. ಅದು ಬೆಳಿಗ್ಗೆಯೇ ಓದಿ ಮುಗಿಸಿದ ಪೇಪರು.

ಮೂರು ದಿನ ಹೀಗೇ ನಡೆಯಿತು. ನೀರು ಕುಡಿಯಲು ಅಡುಗೆಮನೆಗೆ ಹೋದರೂ ಮಗು ಬೈಸಿಕೊಳ್ಳುತ್ತಿತ್ತು. ಒಂದು ಸಲವೂ ನನ್ನ ಹೆಸರೆತ್ತಲಿಲ್ಲ. ಕಚೇರಿಯಲ್ಲಿ ನಾನು ಮಾಡಿದ ತಪ್ಪನ್ನು ಕೈಕೆಳಗಿನವರ ಮೇಲೆ ಹಾಕಿದ್ದುಂಟು, ಮನೆಯಲ್ಲಿ ಹೆಂಡತಿಯ ಮೇಲೆ ಹಾಕಿದ್ದಂತೂ ಲೆಕ್ಕವಿಲ್ಲ. ಅವರೆಲ್ಲ ಕನಿಷ್ಠ ಮುಖವನ್ನಾದರೂ ಗಂಟಿಕ್ಕುತ್ತಿದ್ದರು. ಈ ಮಗು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಾ, “ತಾತ, ಉಪ್ಪಿನಕಾಯಿ ಬೇಕಾ?” ಎಂದು ಕೇಳಿತು. ಅಂದು ನನಗೆ ಊಟ ಸೇರಲಿಲ್ಲ.

ನಾಲ್ಕನೆಯ ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ. ಮುದ್ದೆ, ಬಟ್ಟಲು, ಡಾಕ್ಟರಿಗೆ ಹೇಳಿದ ಸುಳ್ಳು. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತಿದ್ದಳು.

“ಕೈ ಸುಟ್ಟಿದ್ದಕ್ಕಲ್ಲ ಮಾವ, ನನ್ನ ಕೈಯಿಂದ್ಲೂ ಆಗ್ಬೋದಿತ್ತು. ಆದ್ರೆ ಮೂರು ದಿನ ಅವಳನ್ನ ಬೈದೆನಲ್ಲ, ಅದನ್ನೇನ್ ಮಾಡ್ಲಿ?”

ನಾನು ಒಳಗೆ ಹೋಗಿ ಮೊಮ್ಮಗಳ ಎದುರು ಕುಳಿತು, “ತಪ್ಪಾಯ್ತು ಕಣಮ್ಮ” ಎಂದೆ. ಅವಳಿಗೆ ಸಿಟ್ಟು ಬಂದಿತ್ತು, ಅದೂ ನಾನು ನಿರೀಕ್ಷಿಸಿದ ಕಾರಣಕ್ಕಲ್ಲ.

“ನಾನು ಯಾರಿಗೂ ಹೇಳಿರ್ಲಿಲ್ಲ ಅಲ್ವಾ? ನೀನ್ಯಾಕ್ ಹೇಳ್ದೆ?”

“ನೀನ್ ಬೈಸ್ಕೋತಿದ್ದೆಯಲ್ಲಮ್ಮ.”

“ನಿಂಗ್ ಬರಲ್ಲ ಅಂತ ಅವತ್ತೇ ಹೇಳಿದ್ರೆ ಅಜ್ಜಿಗೆ ಫೋನ್ ಮಾಡ್ಬೋದಿತ್ತು ತಾತ. ಅಷ್ಟೇ ಇದ್ದಿದ್ದು.”

ಅಷ್ಟೇ ಇದ್ದಿದ್ದು. ಇಡೀ ಶಿಬಿರದಲ್ಲಿ ಯಾರಾದರೂ ಹೇಳಿದ ಉಪಯುಕ್ತ ಮಾತು ಅದೊಂದೇ.

ಅಂಗೈಯ ಕೆಂಪು ಶಾಲೆ ಶುರುವಾಗುವ ಮೊದಲೇ ಮಾಸಿತು. ಹೆಂಡತಿ ಕೆಂಗೇರಿಯಿಂದ ಬಂದು, ನನಗೆ ಹೇಳಬೇಕಾದ್ದನ್ನೆಲ್ಲ ಹೇಳಿ, ಮೊಮ್ಮಗಳಿಗೆ ಮುದ್ದೆಯನ್ನು ಸರಿಯಾಗಿ ಕಲಿಸಿದಳು. ಈಗ ಅವಳು ಕಟ್ಟುವ ಮುದ್ದೆ ನುಣ್ಣಗಿರುತ್ತದೆ, ನನ್ನ ತಟ್ಟೆಗೂ ಬೀಳುತ್ತದೆ. ಆದರೆ ಮನೆಯಲ್ಲಿ ಏನಾದರೂ ಒಡೆದೋ ಚೆಲ್ಲಿಯೋ ಹೋಗಿ, ಅವಳಮ್ಮ “ಯಾರೇ ಇದು ಮಾಡಿದ್ದು?” ಎಂದು ಕೇಳಿದರೆ, ಉತ್ತರ ಕೊಡುವ ಮೊದಲು ಮಗು ಒಂದು ಗಳಿಗೆ ನನ್ನ ಮುಖ ನೋಡುತ್ತದೆ. ಏನು ಹೇಳಲಿ ಎಂದು ಕೇಳುವ ಹಾಗೆ.